ನೀಲಗಾರ ಮಾಸ್ತರ ಕೊಟ್ಟ ನೀಲಿ

ಬಣ್ಣದ ವಿಷಯದಲ್ಲಿ ಚಂದ್ರಕಾಂತ ನೀಲಗಾರನ ಮಾತಿಗೆ ಸೂರತ್ತಿನ ಪಾಂಡೇಸರಾದಲ್ಲಿ ಎದುರಾಡುವವರು ಇರಲಿಲ್ಲ. ಬಟ್ಟೆಗೆ ಬಣ್ಣ ಕಟ್ಟುವ ಮಿಲ್ಲುಗಳು ಅಲ್ಲಿ ಸಾಲುಗಟ್ಟಿ ನಿಂತಿವೆ. ಗಟಾರದ ನೀರು ಒಂದು ದಿನ ಕೆಂಪಗೆ, ಮರುದಿನ ಹಸಿರಾಗಿ ಹರಿಯುತ್ತದೆ. ಹಸ್ಮುಖ್ ಶೇಠರ ಮಿಲ್ಲಿನಲ್ಲಿ ಅವನು ಇಪ್ಪತ್ನಾಲ್ಕು ವರ್ಷದಿಂದ ಡೈಯಿಂಗ್ ಮಾಸ್ತರ. ವ್ಯಾಪಾರಿಗಳು ಬೆರಳಗಲದ ತುಂಡು ತಂದುಕೊಟ್ಟರೆ ಸಾಕು, ಕಿಟಕಿಯ ಬೆಳಕಿಗೆ ಹಿಡಿದು ಯಾವ ಪುಡಿ ಎಷ್ಟು ಬೆರೆಸಬೇಕೆಂದು ಬಾಯಲ್ಲೇ ಹೇಳಿಬಿಡುತ್ತಿದ್ದ.

ಅವನದು ರಬಕವಿ. ಅಜ್ಜನ ಕಾಲದವರೆಗೆ ಮನೆಯ ಹಿತ್ತಿಲಲ್ಲಿ ಹೂತ ಹರವಿಗಳಲ್ಲಿ ನೀಲಿ ಕದಡಿ ನೂಲು ಅದ್ದುತ್ತಿದ್ದ ಮನೆತನ. ಅಪ್ಪನ ಕಾಲಕ್ಕೆ ಹರವಿಗಳು ಒಡೆದು, ಅಡ್ಡಹೆಸರು ಮಾತ್ರ ಉಳಿಯಿತು. ಜವಳಿ ಡಿಪ್ಲೊಮಾ ಮುಗಿಸಿದ ಚಂದ್ರಕಾಂತ ಇಪ್ಪತ್ತಾರನೆಯ ವಯಸ್ಸಿಗೆ ಸೂರತ್ತಿಗೆ ಬಂದವನು, ಉಧನಾದಲ್ಲಿ ಎರಡು ಕೋಣೆಯ ಮನೆ ಮಾಡಿದ. ಹೆಂಡತಿ ಸುಮತಿ ರಬಕವಿಯ ಮಾತನ್ನು ಹಾಗೇ ಉಳಿಸಿಕೊಂಡಿದ್ದಳು. ಕಾಲೇಜಿಗೆ ಹೋಗುವ ಮಗಳು ಮೇದಿನಿಗೆ ಮಾತ್ರ ಕನ್ನಡ ಅರ್ಥವಾಗುತ್ತಿತ್ತು, ಆಡಲು ನಾಲಿಗೆ ತಿರುಗುತ್ತಿರಲಿಲ್ಲ.

ಎರಡು ಸಾವಿರದ ಮೂರರ ನವೆಂಬರಿನಲ್ಲಿ ಇಂದುಮತಿಬೆನ್ ಎಂಬಾಕೆ ಮಿಲ್ಲಿಗೆ ಬಂದಳು. ಅಹಮದಾಬಾದಿನ ಬೋಡಕ್‌ದೇವ್‌ನವಳು, ವಡೋದರಾದ ಹಳೆಯ ವಾಡೆಯೊಂದರಲ್ಲಿ ನಡೆಯುತ್ತಿದ್ದ ಹಿಂದಿ ಸಿನಿಮಾಕ್ಕೆ ಉಡುಪು ಒದಗಿಸುವ ಹೊಣೆ ಅವಳದು. ನೂರು ವರ್ಷದ ಹಿಂದಿನ ಬರಗಾಲದ ಕತೆ. ನೀಲಿ ಬೆಳೆಯುವ ಹಳ್ಳಿಯ ಜನ ಮುನ್ನೂರು ಮಂದಿ, ತಾವೇ ಅದ್ದಿದ ನೀಲಿ ಮುಂಡಾಸು, ನೀಲಿ ಹೊದಿಕೆಯಲ್ಲಿ ನಡೆದು ರಾಣಿಯ ಬಾಗಿಲಿಗೆ ಬಂದು ನಿಲ್ಲುವುದು ಚಿತ್ರದ ಮುಖ್ಯ ದೃಶ್ಯ. ಅವಳು ಚೀಲದಿಂದ ಒಂದು ಹಳೆಯ ಮುಂಡಾಸಿನ ತುಂಡನ್ನು ತೆಗೆದು ಮೇಜಿನ ಮೇಲಿಟ್ಟಳು.

ಚಂದ್ರಕಾಂತ ಅದನ್ನು ಮೂಗಿಗೆ ಹಿಡಿದ. ನೂರು ವರ್ಷದ ಬಟ್ಟೆಗೆ ವಾಸನೆ ಎಲ್ಲಿಂದ ಬಂದೀತು? ಆದರೂ ಹಿತ್ತಿಲ ಹರವಿಯ ಹುಳಿ ವಾಸನೆ ಎದೆಗೆ ಬಡಿದಂತಾಯಿತು.

"ಇದನ್ನು ಯಂತ್ರದಲ್ಲಿ ತರಬಹುದೇ ಮಾಸ್ತರ್‌ಜಿ?" ಇಂದುಮತಿಬೆನ್ ಹಿಂದಿಯಲ್ಲಿ ಕೇಳಿದಳು. "ಕೈಯಲ್ಲಿ ಅದ್ದಿಸಲು ನನಗೆ ಸಮಯವಿಲ್ಲ."

"ತರೋಣ," ಎಂದ ಚಂದ್ರಕಾಂತ.

ಶೇಠರಿಗೆ ಮನಸ್ಸಿರಲಿಲ್ಲ. ಪಾಲಿಯೆಸ್ಟರ್ ಸೀರೆ ಓಡುವ ಮಿಲ್ಲಿನಲ್ಲಿ ಹತ್ತಿ ಬಟ್ಟೆಯ ತಲೆನೋವು ಯಾಕೆಂದು ಗೊಣಗಿದರು. ಚಂದ್ರಕಾಂತ ಎಂದೂ ಬೇಡದವನು ಅಂದು ಬೇಡಿಕೊಂಡ. ಇಷ್ಟು ವರ್ಷದಲ್ಲಿ ತನ್ನ ಕುಲದ ಬಣ್ಣ ತನ್ನನ್ನು ಹುಡುಕಿಕೊಂಡು ಬಂದದ್ದು ಅದೇ ಮೊದಲು ಎಂದು ಅವನಿಗೆ ಅನಿಸಿತ್ತು.

ಆದರೆ ಯಾರಿಗೂ ಹೇಳದ ಒಂದು ಅಳುಕು ಅವನೊಳಗೆ ವರ್ಷದಿಂದ ಕೂತಿತ್ತು. ಟ್ಯೂಬ್‌ಲೈಟು ಮಬ್ಬಾಗಿದೆ ಎಂದು ಎರಡು ಸಲ ಬದಲಾಯಿಸಿದ್ದ. ಎದುರಿನಿಂದ ಬರುವ ಬೈಕಿನ ದೀಪ ಹಳದಿ ಹೂವಿನಂತೆ ಒಡೆದು ಕಾಣುತ್ತಿತ್ತು. ಒಂದು ಬೆಳಿಗ್ಗೆ "ನನ್ನ ಕರೇ ಅಂಗಿ ಕೊಡವ್ವಾ" ಎಂದಾಗ ಮೇದಿನಿ ನಕ್ಕಿದ್ದಳು.

"ಪಪ್ಪಾ, ಇದು ಬ್ಲ್ಯಾಕ್ ನಹೀಂ, ನೇವಿ ಬ್ಲೂ ಇದೆ!"

"ಗೊತ್ತೈತಿ, ಕೊಡು," ಎಂದು ಅವನು ಗದರಿಸಿದ್ದ. ಆಮೇಲೆ ಬಚ್ಚಲಿನಲ್ಲಿ ನಿಂತು ಆ ಅಂಗಿಯನ್ನು ಬಹಳ ಹೊತ್ತು ನೋಡಿದ್ದ. ಕಪ್ಪಾಗಿಯೇ ಕಂಡಿತ್ತು. ಕಣ್ಣಿನ ಡಾಕ್ಟರ ಹತ್ತಿರ ಹೋದರೆ ಪಾಂಡೇಸರಾದಲ್ಲಿ ಸುದ್ದಿ ಹಬ್ಬಲು ಎಷ್ಟು ಹೊತ್ತು? ಕಣ್ಣು ಹೋದ ಮಾಸ್ತರ, ಕೈ ಹೋದ ಕುಂಬಾರ, ಎರಡೂ ಒಂದೇ.

ಮಾದರಿಯ ಮೊದಲ ತುಂಡನ್ನು ಇಂದುಮತಿಬೆನ್ ನೋಡಿ ಒಪ್ಪಿದ್ದಳು. ಇಡೀ ಬಟ್ಟೆಗೆ ಬಣ್ಣ ಹಾಕಿದ ದಿನ, ಯಂತ್ರದಿಂದ ಕತ್ತರಿಸಿ ತಂದ ತುಂಡು ಚಂದ್ರಕಾಂತನ ಕಣ್ಣಿಗೆ, ನೆನಪಿನಲ್ಲಿದ್ದ ಅಜ್ಜನ ನೀಲಿಯ ಎದುರು, ಹಸಿರಾಗಿ ಕಂಡಿತು. ಹಸಿರು ಕಳೆಯಬೇಕಾದರೆ ಕೆಂಪು ಹಾಕಬೇಕು. ಬಣ್ಣದ ಪುಡಿಗಳನ್ನು ತೂಗಿ ಕಲಸುವ ಕೋಣೆಗೆ ಹೋಗಿ, ಇನ್ನಷ್ಟು ಕೆಂಪು ಸೇರಿಸಲು ಹೇಳಿದ.

ಅಲ್ಲಿ ತಕ್ಕಡಿ ಹಿಡಿಯುವವನು ಬನಮಾಲಿ ಸ್ವಾಯಿ. ಒಡಿಶಾದ ಗಂಜಾಂ ಕಡೆಯವನು, ನಲವತ್ತೈದರ ಆಸುಪಾಸು, ಹನ್ನೊಂದು ವರ್ಷದಿಂದ ಚಂದ್ರಕಾಂತನ ಕೈಕೆಳಗೆ ದುಡಿದವನು. ಅವನು ತುಂಡನ್ನೊಮ್ಮೆ, ಮಾಸ್ತರನ ಮುಖವನ್ನೊಮ್ಮೆ ನೋಡಿದ.

"ಇನ್ನೂ ಕೆಂಪೇ, ಮಾಸ್ತರ್‌ಜಿ?"

"ಹಸಿರು ಹೊಡೀತಿದೆ, ಕಾಣೋದಿಲ್ವೇ?"

"ನನಗೆ ಹಸಿರು ಕಾಣ್ತಿಲ್ಲ."

"ನಿನಗೆ ಕಾಣಬೇಕಾದ್ದು ತಕ್ಕಡಿಯ ಮುಳ್ಳು. ಬಣ್ಣ ನಾನು ನೋಡ್ತೇನೆ."

ಬನಮಾಲಿ ತೂಗಿದ. ಸಂಜೆಯೊಳಗೆ ಹೀಗೆ ಮೂರು ಸಲ ಆಯಿತು. ಗಡಿಬಿಡಿಯಲ್ಲಿ ಪುಡಿಗಳ ತೂಕ ಬರೆದಿಟ್ಟ ಚೀಟಿ ತಿದ್ದಲಿಲ್ಲ. ಮೊದಲು ಬರೆದ ಲೆಕ್ಕವೇ ಅದರಲ್ಲಿ ಉಳಿಯಿತು. ಬಟ್ಟೆ ಒಣಗಿ, ಹರಿದು ಮುಂಡಾಸಿನ ಅಳತೆಯಾಗಿ, ಗಂಟು ಕಟ್ಟಿ ಲಾರಿ ಹತ್ತಿತು. ಮಾಸ್ತರ ಸೈ ಅಂದದ್ದನ್ನು ಇನ್ನೊಬ್ಬರು ಬಿಚ್ಚಿ ನೋಡುವ ಪದ್ಧತಿ ಆ ಮಿಲ್ಲಿನಲ್ಲಿರಲಿಲ್ಲ.

ಶೂಟಿಂಗ್ ನೋಡಲು ಇಂದುಮತಿಬೆನ್ ಕರೆದಿದ್ದಳು. ಚಂದ್ರಕಾಂತ ಸುಮತಿಯನ್ನೂ ಮೇದಿನಿಯನ್ನೂ ಕರೆದುಕೊಂಡು ಬೆಳಗಿನ ರೈಲಿಗೆ ವಡೋದರಾಕ್ಕೆ ಹೋದ. ವಾಡೆಯ ಅಂಗಳದಲ್ಲಿ ಮಣ್ಣು ಹರವಿ ಬೀದಿ ಮಾಡಿದ್ದರು. ಹಳೆಯ ಕಮಾನಿಗೆ ಹೊಸದಾಗಿ ಬಿರುಕು ಬರೆದಿದ್ದರು. ಹಳ್ಳಿಗಳಿಂದ ಕರೆತಂದ ಮುನ್ನೂರು ಜನ ಬರಿಗಾಲಲ್ಲಿ, ಮುಖಕ್ಕೆ ಬೂದಿ ಬಳಿದುಕೊಂಡು ಸಾಲಾಗಿ ಕೂತಿದ್ದರು. ಹಿಂದಿನ ಸಂಜೆ ಬಂದಿದ್ದ ಗಂಟುಗಳನ್ನು ಬಿಸಿಲಲ್ಲಿ ಬಿಚ್ಚಿದರು.

ಇಂದುಮತಿಬೆನ್ ಒಂದು ಮುಂಡಾಸು ಎತ್ತಿ ಹಿಡಿದು ಹಾಗೇ ನಿಂತಳು. ನಿರ್ದೇಶಕ ಕುರ್ಚಿಯಿಂದ ಎದ್ದು ಬಂದ.

"ಏನಿದು? ಇವರು ಬರದಲ್ಲಿ ಬೆಂದ ರೈತರೋ, ಮದುವೆಗೆ ಹೊರಟ ಬೀಗರೋ?"

ಚಂದ್ರಕಾಂತನಿಗೆ ಸಿಟ್ಟು ಬಂತು. ಅವನ ಕಣ್ಣೆದುರು ಇದ್ದದ್ದು ಅಜ್ಜನ ನೀಲಿಯೇ, ಗಂಭೀರವಾಗಿ ಮಲಗಿದ ನೀಲಿ. ಇವರಿಗೆ ಏನಾಗಿದೆ? ಅವನು ಮಗಳ ಕಡೆ ತಿರುಗಿದ. ಮೇದಿನಿ ತಲೆ ತಗ್ಗಿಸಿದಳು.

"ಪಪ್ಪಾ, ಇದು... ಪರ್ಪಲ್ ಇದೆ. ರಿಂಗಣ್ ಜೈಸಾ."

ಅವನು ಸುಮತಿಯನ್ನು ನೋಡಿದ. ಅವಳು ಮೆಲ್ಲಗೆ, ಯಾರಿಗೂ ಕೇಳದಂತೆ ಅಂದಳು: "ಹೌದ್ರೀ. ಬದನಿಕಾಯಿ ಬಣ್ಣ ಐತಿ. ನಿಮಗ ಕಾಣವಲ್ದೇನ್ರಿ?"

ಅವನು ಒಂದು ಮುಂಡಾಸನ್ನು ಎತ್ತಿ ಬಿಸಿಲಿಗೆ ಹಿಡಿದ; ಕಂಡದ್ದು ನೀಲಿಯೇ.

ಆ ದಿನದ ಶೂಟಿಂಗ್ ನಿಂತಿತು. ಅಡುಗೆಯವರ ಹಂಡೆಗಳನ್ನು ಒಲೆಗೇರಿಸಿ, ಪೇಟೆಯಿಂದ ಕಪ್ಪು ಬಣ್ಣ ತರಿಸಿ, ಇಂದುಮತಿಬೆನ್ ಮತ್ತವಳ ಜನ ಎರಡು ದಿನ ಬಟ್ಟೆ ಅದ್ದಿದರು. ಬಂದ ಮುನ್ನೂರು ಜನ ಬೂದಿಮುಖದಲ್ಲೇ ಕಾದರು. ಚಂದ್ರಕಾಂತ ತೋಳೇರಿಸಿ ಹಂಡೆಯ ಹತ್ತಿರ ಹೋದಾಗ ಇಂದುಮತಿಬೆನ್ ಕೈ ಅಡ್ಡ ಹಿಡಿದಳು. "ಬೇಡ ಮಾಸ್ತರ್‌ಜಿ. ನೀವು ಊರಿಗೆ ಹೋಗಿ." ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ಮಿಲ್ಲಿಗೆ ಮರಳುವಷ್ಟರಲ್ಲಿ ಸುದ್ದಿ ಮುಟ್ಟಿತ್ತು. ಶೇಠರು ತಕ್ಕಡಿಯ ಕೋಣೆಯಲ್ಲೇ ನಿಂತು, ಉಳಿದ ಪುಡಿ ತೂಗಿಸಿ ನೋಡಿದ್ದರು. ಚೀಟಿಯಲ್ಲಿದ್ದದ್ದಕ್ಕಿಂತ ದುಪ್ಪಟ್ಟು ಕೆಂಪು ಪುಡಿ ಖರ್ಚಾಗಿತ್ತು.

"ಚೀಟಿ ಸರಿಯಾಗಿದೆ. ತೂಗಿದವನು ಯಾರು?" ಎಂದು ಕೇಳಿದರು.

ಬನಮಾಲಿ ಮಾಸ್ತರನ ಕಡೆ ನೋಡಿದ. ಕೋಣೆಯಲ್ಲಿದ್ದ ಎಲ್ಲರೂ ನೋಡಿದರು. ಮಾಸ್ತರನ ಒಂದೇ ಒಂದು ಮಾತು ಸಾಕಿತ್ತು. ಹೇಳಿದರೆ ಕೆಂಪು ಯಾಕೆ ಹಾಕಿಸಿದೆ ಎಂಬ ಪ್ರಶ್ನೆ ಬರುತ್ತದೆ, ಅದರ ಬೆನ್ನಿಗೆ ಕಣ್ಣಿನ ಮಾತು. ಚಂದ್ರಕಾಂತ ಚೀಟಿಯನ್ನೇ ನೋಡುತ್ತ ನಿಂತ.

"ಕುಡಿದು ಬಂದಿದ್ದೆಯೇನೋ? ನಾಳೆಯಿಂದ ಬರಬೇಡ," ಎಂದರು ಶೇಠರು. ಬನಮಾಲಿ ಹಣೆಗೆ ಗಂಧ ಹಚ್ಚುವ ಮನುಷ್ಯ, ಬೀಡಿ ಸಹ ಸೇದುವವನಲ್ಲ. ಅವನು ಮೊಳೆಗೆ ನೇತುಹಾಕಿದ್ದ ತನ್ನ ಊಟದ ಡಬ್ಬಿಯ ಚೀಲ ತೆಗೆದುಕೊಂಡು ಹೊರಗೆ ನಡೆದ.

ಅಂದಿನಿಂದ ಚಂದ್ರಕಾಂತನಿಗೆ ಅನ್ನ ಸೇರಲಿಲ್ಲ. ಸುಮತಿ ಕೇಳಿ ಕೇಳಿ ಸಾಕಾಗಿ, ಒಂದು ಭಾನುವಾರ ಕೈ ಹಿಡಿದು ಕಣ್ಣಿನ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಎರಡೂ ಕಣ್ಣಿಗೆ ಪೊರೆ. ಎಡಗಣ್ಣಿನದು ಕಂದುಗಟ್ಟಿದೆ ಎಂದರು ಡಾಕ್ಟರು. ಹಳದಿ ಗಾಜಿನ ಹಿಂದೆ ಕೂತು ಲೋಕ ನೋಡಿದಂತೆ, ನೀಲಿ ಮೊದಲು ಕೆಡುತ್ತದೆ. "ಇಷ್ಟು ದಿನ ಯಾಕೆ ಬರಲಿಲ್ಲ?" ಎಂದು ಕೇಳಿದರು.

ಆಪರೇಷನ್ ಆಗಿ ಪಟ್ಟಿ ಬಿಚ್ಚಿದ ದಿನ ಆಸ್ಪತ್ರೆಯ ಪರದೆ, ನರ್ಸಮ್ಮನ ಬಳೆ, ಕಿಟಕಿಯಾಚೆಯ ಆಕಾಶ, ಎಲ್ಲ ಕಣ್ಣು ಚುಚ್ಚುವಷ್ಟು ನೀಲಿಯಾಗಿದ್ದವು. ಮನೆಗೆ ಬಂದವನೇ ಕಪಾಟು ತೆರೆದು, ಸಿನಿಮಾದ ಬಟ್ಟೆಯಿಂದ ಕತ್ತರಿಸಿಟ್ಟುಕೊಂಡಿದ್ದ ತುಂಡು ಹುಡುಕಿದ. ಕಿಟಕಿಯ ಬೆಳಕಿಗೆ ಹಿಡಿದ. ಕುರುಡನಿಗೂ ತಿಳಿಯುವಂಥ ಕೆಂಪು ಅದರೊಳಗಿತ್ತು.

"ಸುಮತಿ, ಅಂವ ನನಗ ಹೇಳಿದ್ದ," ಎಂದ. "ಹಸಿರು ಕಾಣವಲ್ದು ಅಂತ ಬಾಯಿಬಿಟ್ಟು ಹೇಳಿದ್ದ."

"ಯಾರ್ರಿ?"

ಅವನು ಎಲ್ಲವನ್ನೂ ಹೇಳಿದ. ಸುಮತಿ ಆ ತುಂಡನ್ನು ಅವನ ಕೈಯಿಂದ ತೆಗೆದುಕೊಂಡು ಮಡಚಿಟ್ಟಳು. ಆಮೇಲೆ ಅಂದಳು: "ಹೋಗಿ ಅವನ್ನ ಹುಡುಕ್ರಿ. ನನ್ನ ಮುಂದ ಅತ್ತರ ಏನು ಬಂತು?"

ಒಡಿಯಾ ಕೆಲಸಗಾರರು ಊಟ ಮಾಡಿ, ಪಾಳಿಯ ಮೇಲೆ ಮಲಗುವ ಮೆಸ್ಸುಗಳು ಪಾಂಡೇಸರಾದ ಗಲ್ಲಿ ಗಲ್ಲಿಯಲ್ಲಿವೆ. ನಾಲ್ಕು ಸಂಜೆ ಅಲೆದ ಮೇಲೆ ಒಂದರಲ್ಲಿ ಬನಮಾಲಿ ಸಿಕ್ಕಿದ. ಕುಡುಕ ಎಂಬ ಹೆಸರು ಬಂದಿದ್ದರಿಂದ ಯಾವ ಮಿಲ್ಲಿನವರೂ ತಕ್ಕಡಿ ಕೊಟ್ಟಿರಲಿಲ್ಲ. ಗೋದಾಮಿನಲ್ಲಿ ಸೋಡಾ ಪುಡಿಯ ಮೂಟೆ ಹೊರುತ್ತಿದ್ದ, ಹೆಗಲು ಸುಲಿದಿತ್ತು.

"ತಪ್ಪು ನನ್ನದು ಬನಮಾಲಿ. ನನಗೆ ಕಣ್ಣು ಕಾಣುತ್ತಿರಲಿಲ್ಲ."

"ಗೊತ್ತಿತ್ತು."

"ಗೊತ್ತಿತ್ತೇ?"

"ಒಂದು ವರ್ಷದಿಂದ ಗೊತ್ತಿತ್ತು ಮಾಸ್ತರ್‌ಜಿ. ನೀವು ಕಪ್ಪು ಪುಡಿಯ ಡಬ್ಬಿ ತೋರಿಸಿ ನೀಲಿ ಅನ್ನುತ್ತಿದ್ದಿರಿ. ನಾನು ಸರಿಯಾದ ಡಬ್ಬಿಯಿಂದ ತೂಗುತ್ತಿದ್ದೆ. ಅಂದು ಮಾತ್ರ ನೀವು ಪಕ್ಕದಲ್ಲೇ ನಿಂತಿದ್ದಿರಿ."

ಚಂದ್ರಕಾಂತ ಅವನ ಕೈ ಹಿಡಿಯಲು ಹೋದ. ಬನಮಾಲಿ ಕೈ ಹಿಂದೆಗೆದುಕೊಂಡ.

"ಇಲ್ಲಿ ಬಂದು ಹೇಳಿದರೆ ಏನು ಪ್ರಯೋಜನ? ನನಗೆ ಕುಡುಕ ಅಂದದ್ದು ಅಲ್ಲಿ. ಅಲ್ಲೇ ಹೇಳಿ."

ಮರುದಿನ ಪಾಳಿ ಬದಲಾಗುವ ಹೊತ್ತಿಗೆ, ಒಳಬರುವವರೂ ಹೊರಹೋಗುವವರೂ ಗೇಟಿನಲ್ಲಿ ಸೇರಿದಾಗ, ಚಂದ್ರಕಾಂತ ನೀಲಗಾರ ಒಂದು ಖಾಲಿ ಡ್ರಮ್ಮಿನ ಪಕ್ಕ ನಿಂತು ಹೇಳಿದ. ಕೆಂಪು ತಾನೇ ಹಾಕಿಸಿದ್ದು, ಮೂರು ಸಲ, ಬಾಯಿಮಾತಿನಲ್ಲಿ; ಬನಮಾಲಿ ತಡೆದಿದ್ದ; ತನಗೆ ಕಣ್ಣು ಕಾಣುತ್ತಿರಲಿಲ್ಲ; ಅವನನ್ನು ಕುಡುಕನೆಂದು ಹೊರಹಾಕುವಾಗ ತಾನು ಬಾಯಿ ಮುಚ್ಚಿಕೊಂಡಿದ್ದು. ರಸ್ತೆಯಾಚೆಯ ಚಹದಂಗಡಿಯ ಹತ್ತಿರ ಬನಮಾಲಿ ನಿಂತಿದ್ದನ್ನು ಅವನು ಕಂಡ. ಮಾತು ಮುಗಿಯುತ್ತಲೇ ಬನಮಾಲಿ ತಿರುಗಿ ನಡೆದುಬಿಟ್ಟ.

ಶೇಠರು ಒಳಗೆ ಕರೆದು ಬಾಗಿಲು ಹಾಕಿದರು. "ಮುಗಿದ ಮಾತನ್ನು ಬೀದಿಗೆ ತಂದಿರಿ ಮಾಸ್ತರ್. ಕಣ್ಣಿಲ್ಲದವನ ಕೈಯಲ್ಲಿ ವರ್ಷಗಟ್ಟಲೆ ಬಣ್ಣ ಹಾಕಿಸಿದೆ ಅಂತ ನಾಳೆ ಎಲ್ಲ ವ್ಯಾಪಾರಿಗಳೂ ನನ್ನನ್ನು ಕೇಳುತ್ತಾರೆ."

"ಬನಮಾಲಿಯನ್ನು ವಾಪಸು ತಗೊಳ್ಳಿ."

"ತಗೊಳ್ತೇನೆ. ನೀವು ಹೋಗಿ."

ಶೇಠರು ಮಾತಿಗೆ ತಪ್ಪಲಿಲ್ಲ, ಮನುಷ್ಯರನ್ನು ಕಳಿಸಿ ಕರೆಸಿದರು. ಬನಮಾಲಿಯೇ ಬರಲಿಲ್ಲ. ಬೇರೊಂದು ಮಿಲ್ಲಿನವರು ತಕ್ಕಡಿ ಕೊಟ್ಟಿದ್ದರು. ಕುಡುಕನೆಂಬ ಹೆಸರು ಅಷ್ಟರಲ್ಲಿ ತೊಳೆದುಹೋಗಿತ್ತು. ಚಂದ್ರಕಾಂತನಿಗೆ ಮಾತ್ರ ದೊಡ್ಡ ಮಿಲ್ಲುಗಳಲ್ಲಿ ಕೆಲಸ ಸಿಗಲಿಲ್ಲ. ಕಣ್ಣು ಈಗ ಚೆನ್ನಾಗಿದೆ ಎಂದರೆ ನಂಬುವವರಿಲ್ಲ. ಒಂದು ಸಣ್ಣ ಕಾರ್ಖಾನೆಯಲ್ಲಿ ಬಟ್ಟೆ ಮಡಚುವ ವಿಭಾಗದ ಮೇಲ್ವಿಚಾರಣೆ ಹಿಡಿದ.

ಸಿನಿಮಾ ಬಂದದ್ದು ಒಂದೂವರೆ ವರ್ಷದ ಮೇಲೆ. ಮೂವರೂ ಹೋಗಿ ನೋಡಿದರು. ರಾಣಿಯ ಬಾಗಿಲಿಗೆ ನಡೆದು ಬರುವ ಜನರ ದೃಶ್ಯ ಚೂರೇ ಚೂರು ಇತ್ತು: ಧೂಳು, ಒಡೆದ ಹಿಮ್ಮಡಿಗಳು, ಕಪ್ಪಗೆ ಗುಂಪಾಗಿ ಬರುವ ತಲೆಗಳು. ನೀಲಿಯ ಸುಳಿವೂ ಇರಲಿಲ್ಲ. ಪತ್ರಿಕೆಗಳು ಚಿತ್ರವನ್ನು ಹೊಗಳಿದವು, ಆ ದೃಶ್ಯದ ಬಗ್ಗೆ ಯಾರೂ ಬರೆಯಲಿಲ್ಲ. ಮೇದಿನಿ ಕತ್ತಲಲ್ಲಿ ಅಪ್ಪನ ಮೊಣಕೈ ಹಿಡಿದುಕೊಂಡಿದ್ದಳು.

ಅದಾದ ಮೇಲೂ ಚಂದ್ರಕಾಂತ ಆಗಾಗ ಆ ಮೆಸ್ಸಿನ ಗಲ್ಲಿಗೆ ಹೋಗುತ್ತಿದ್ದ. ಬನಮಾಲಿ ಕಂಡರೆ "ಹೇಗಿದ್ದೀರಿ ಮಾಸ್ತರ್‌ಜಿ" ಎಂದು ಕೇಳುತ್ತಿದ್ದ, ಕೂರಲು ಹಲಗೆ ಕೊಡುತ್ತಿದ್ದ, ಮಕ್ಕಳ ವಿಷಯ ಎರಡು ಮಾತಾಡುತ್ತಿದ್ದ. ಆ ದಿನದ ಮಾತನ್ನು ಮಾತ್ರ ಎತ್ತಲೂ ಇಲ್ಲ, ಎತ್ತಲು ಬಿಡಲೂ ಇಲ್ಲ. ಅವನು ಕ್ಷಮಿಸಿದ್ದಾನೋ ಇಲ್ಲವೋ ಎಂದು ಸುಮತಿ ಒಮ್ಮೆ ಕೇಳಿದಳು.

"ನನಗ ತಿಳಿವಲ್ದು," ಎಂದ ಚಂದ್ರಕಾಂತ. "ಕೇಳಾಕ ನನಗ ಧೈರ್ಯ ಇಲ್ಲ."