ಹಡಗಿನಲ್ಲಿ ಮುದ್ದೆ ಅಗಿದವರು

ಸ್ನಾನ ಮುಗಿಸಿ ಬಂದರೆ ಕ್ಯಾಬಿನ್ನಿನ ಬಾಗಿಲು ತೆರೆದಿತ್ತು. ಐದು ವರ್ಷದ ಮಗಳು ಇರಲಿಲ್ಲ. ನಮ್ಮವರು ಎಂಜಿನಿಯರಾಗಿರುವ ಸರಕು ಹಡಗು ಹದಿನಾರು ದಿನದಿಂದ ನಡುಸಮುದ್ರದಲ್ಲಿತ್ತು. ಒದ್ದೆ ತಲೆಯಲ್ಲೇ ಡೆಕ್ಕಿಗೆ ಓಡಿದೆ. ಕಂಬಿಯಾಚೆ ಬಗ್ಗಿ ನೋಡಲು ಧೈರ್ಯವಾಗಲಿಲ್ಲ.

ಅಷ್ಟರಲ್ಲಿ ಹಡಗಿನ ಅಡುಗೆಮನೆಯಿಂದ ಅವಳ ದನಿ ಕೇಳಿತು. ನಾನು ಮಧ್ಯಾಹ್ನಕ್ಕೆಂದು ಕಟ್ಟಿಟ್ಟಿದ್ದ ರಾಗಿಮುದ್ದೆಯನ್ನು ಅವಳೇ ಬಡಿಸಿದ್ದಳು; ಕನ್ನಡವೇ ಬಾರದ ಫಿಲಿಪ್ಪೀನ್ಸಿನ ಅಡುಗೆಯವರು ಅದನ್ನು ಕಷ್ಟಪಟ್ಟು ಅಗಿಯುತ್ತಿದ್ದರು.

"ನೋಡವ್ವ, ನುಂಗಿ ಅಂದ್ರೂ ಅಗೀತಾನೇ ಅವ್ರೆ!" ಎಂದು ಮಗಳು ದೂರಿದಳು.

ಬೈಯಲು ಹೋದವಳು ಅವಳನ್ನು ಅಪ್ಪಿಕೊಂಡೆ. "ಅಗದ್ರೆ ಅಗೀಲಿ ಬುಡು ಮಗ."

ನಮ್ಮೂರು ಕೆರಗೋಡಿಗೆ ಮರಳಿ ವರ್ಷವಾಯಿತು. ಈಗಲೂ ಸ್ನಾನಕ್ಕೆ ಹೋಗುವ ಮುಂಚೆ ಬೀದಿಬಾಗಿಲ ಮೇಲಿನ ಚಿಲಕ ಹಾಕಿಯೇ ಹೋಗುತ್ತೇನೆ. ಹೊರಗಿರುವುದು ಬರೀ ಗದ್ದೆ.