ಬಂದೂಕಿಗೆ ಕಟ್ಟಿದ ಚೀಟಿ

ನನ್ನ ಅಪ್ಪ ಬಂದೂಕು ರಿಪೇರಿಯವನು. ನಲವತ್ತು ವರ್ಷ ಅದೇ ಬೆಂಚು, ಅದೇ ಅರ, ಅದೇ ಬೈಗುಳ. ರಿಪೇರಿಯಾದ ಪ್ರತಿ ಬಂದೂಕಿಗೂ ದಾರದಲ್ಲಿ ಒಂದು ಚೀಟಿ ಕಟ್ಟಿ, ದೋಷವೇನೆಂದು ಅದರಲ್ಲಿ ಬರೆಯುತ್ತಿದ್ದ. ಸ್ಪ್ರಿಂಗ್, ಪಿನ್, ತುಕ್ಕು, ಹೀಗೆ. ಆದರೆ ಹತ್ತರಲ್ಲಿ ಎಂಟು ಚೀಟಿಗಳಲ್ಲಿ ಇರುತ್ತಿದ್ದದ್ದು ಒಂದೇ ಸಾಲು: ‘ದೋಷ: ಯಜಮಾನ.’ ಓದಿ ಮುಖ ಊದಿಸಿಕೊಂಡು ಹೋದವರೂ ಮತ್ತೆ ಅವನ ಬಳಿಗೇ ಬರುತ್ತಿದ್ದರು. ಬೇರೆ ಗತಿ ಇರಲಿಲ್ಲವಲ್ಲ.

ಸೆಮಿ ಆಟೋಮ್ಯಾಟಿಕ್ ಕಂಡರೆ ಅಪ್ಪನಿಗೆ ಮೈಯೆಲ್ಲ ಉರಿ. ಅದು ಸಿಡಿದ ತೋಟಾದ ಹೊಗೆಯ ಬಲದಿಂದಲೇ ಖಾಲಿ ತೋಟಾ ಎಸೆದು ಮುಂದಿನದನ್ನು ತಾನೇ ತುಂಬಿಕೊಳ್ಳುತ್ತದೆ. ಪಂಪಿನದು ಹಾಗಲ್ಲ. ಪ್ರತಿ ಗುಂಡಿಗೂ ನಳಿಗೆಯ ಕೆಳಗಿನ ಹಿಡಿಯನ್ನು ಎಡಗೈಯಿಂದ ಪೂರ್ತಿ ಹಿಂದಕ್ಕೆಳೆದು ಮುಂದಕ್ಕೆ ತಳ್ಳಬೇಕು.

“ಸೋಮಾರಿಗಳ ಬಂದೂಕು ಅದು,” ಎನ್ನುತ್ತಿದ್ದ. “ನಾಲ್ಕು ಪೆಟ್ಟಿಗೆ ಹಾರಿಸೋ ಹೊತ್ತಿಗೆ ಮಸಿ ತುಂಬ್ಕೊಂಡು ಕೂತ್ಬಿಡುತ್ತೆ. ಪಂಪು ನೋಡು, ಸಾಯೋವರೆಗೂ ದುಡಿಯುತ್ತೆ.”

ಅರ್ಧ ಸತ್ಯ. ಆ ಸೆಮಿಗಳನ್ನು ಹದಿನಾರು ವರ್ಷದಿಂದ ಬಿಚ್ಚಿ ತೊಳೆಯುತ್ತಿರುವವಳು ನಾನು. ಒರೆಸಿ ಒಣದಾಗಿಟ್ಟರೆ ಅವು ಚಕಾರವೆತ್ತುವುದಿಲ್ಲ. ಆದರೆ ನಮ್ಮ ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿಯಂಥ ಮಹಾಶಯರು ಎಣ್ಣೆ ಹಾಕುವುದಿಲ್ಲ, ಎಣ್ಣೆ ಕುಡಿಸುತ್ತಾರೆ. ಎಣ್ಣೆಗೆ ಮಸಿ ಸೇರಿ ಅಂಟಾಗಿ ಬಂದೂಕು ಕಚ್ಚಿಕೊಂಡರೆ, ಕಂಪನಿಯೇ ಸರಿಯಿಲ್ಲ ಎಂದು ರಾಗ ಎಳೆಯುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಇಷ್ಟೆಲ್ಲ ತಿಳಿದಿದ್ದರೂ ಚೀಟಿ ಬರೆಯುವ ಹಕ್ಕು ನನಗಿರಲಿಲ್ಲ. “ನಿನ್ನ ಕಣ್ಣು ಇನ್ನೂ ಪಳಗ್ಬೇಕು” ಎನ್ನುತ್ತಿದ್ದ ಅಪ್ಪ. ಹದಿನಾರು ವರ್ಷದಲ್ಲಿ ಪಳಗದ ಕಣ್ಣು!

ಈ ವರ್ಷ ಕ್ಲಬ್ಬು ಹೊಸದಾಗಿ ಕಲಿಯುವವರಿಗೆ ಬಂದೂಕು ಕೊಳ್ಳಬೇಕಿತ್ತು. ಪಂಪೋ ಸೆಮಿಯೋ ಎಂದು ಜಗಳ ಹತ್ತಿ, ಕೊನೆಗೆ ಎರಡಕ್ಕೂ ನೂರು ಗುಂಡಿನ ಪರೀಕ್ಷೆ ಎಂದಾಯಿತು. “ನನ್ನ ಪಂಪು ಒಂದೇ ಒಂದು ಸಲ ಸಿಕ್ಕಿಕೊಂಡ್ರೂ ಸಾಕು, ಅವತ್ತಿಂದ ನಾನು ಚೀಟಿ ಬರೆಯಲ್ಲ,” ಎಂದು ಅಪ್ಪ ಎಲ್ಲರೆದುರು ಹೇಳಿಬಿಟ್ಟ. ಆರು ತಿಂಗಳಿಂದ ಅವನ ಎಡಭುಜ ಮೇಲೇಳುತ್ತಿರಲಿಲ್ಲ. ದಿನಾ ಅಂಗಿ ತೊಡಿಸುತ್ತಿದ್ದವಳು ನಾನೇ.

“ಪಂಪು ನಾನು ಹಾರಿಸ್ತೀನಿ ಕಣಪ್ಪ,” ಎಂದೆ.

“ಯಾಕೆ, ನನಗೇನು ಧಾಡಿ? ಹೋಗು, ಸೆಮಿ ತೊಳೆದಿಡು. ಸೋತ ಮೇಲೆ ಕೊಳೆ ಅಂತ ನೆಪ ಹೇಳ್ತಾನೆ ಆ ಕಾರ್ಯದರ್ಶಿ.”

ಜಂಬಕ್ಕೆ ಮದ್ದಿಲ್ಲ. ಸೆಮಿಯ ಎಣ್ಣೆಯನ್ನೆಲ್ಲ ಒರೆಸಿ ತೆಗೆದೆ. ಮರುದಿನ ಕಾರ್ಯದರ್ಶಿ ಅದರಲ್ಲಿ ನೂರು ಗುಂಡನ್ನೂ ತಡೆಯಿಲ್ಲದೆ ಹಾರಿಸಿ, ತಾನೇ ಕಂಡುಹಿಡಿದ ಯಂತ್ರವೇನೋ ಎಂಬಂತೆ ಮೀಸೆ ತಿರುವಿದ.

ಅಪ್ಪ ಅರವತ್ತರವರೆಗೆ ಹಲ್ಲು ಕಚ್ಚಿಕೊಂಡು ಹಾರಿಸಿದ. ಅರವತ್ತಮೂರನೆಯದಾದ ಮೇಲೆ ಹಿಡಿ ಅರ್ಧಕ್ಕೇ ನಿಂತಿತು. ಖಾಲಿ ತೋಟಾ ಪೂರ್ತಿ ಹೊರಬೀಳಲಿಲ್ಲ, ಹೊಸದು ಅದಕ್ಕೇ ಬಂದು ಸಿಕ್ಕಿಕೊಂಡಿತು.

“ತೋಟಾ ಸರಿಯಿಲ್ಲ,” ಎಂದ ಅಪ್ಪ.

ನಲವತ್ತು ವರ್ಷ ಯಾರ ಯಾರ ಬಾಯಲ್ಲೋ ಕೇಳಿ ನಕ್ಕಿದ್ದ ಮಾತು! ಬಂದೂಕು ಇಸಿದುಕೊಂಡು ಸಿಕ್ಕಿದ್ದನ್ನು ಬಿಡಿಸಿ, ಅದೇ ತೋಟಾಗಳಲ್ಲಿ ಉಳಿದಿದ್ದ ಮೂವತ್ತೇಳನ್ನೂ ಒಂದೇ ಸಮನೆ ಹಾರಿಸಿದೆ. ಒಂದೂ ತಡೆಯಲಿಲ್ಲ. ಅಪ್ಪ ನೋಡುತ್ತ ನಿಂತಿದ್ದ.

ಅಂಗಡಿಗೆ ಬಂದ ಮೇಲೆ ಪಂಪನ್ನು ಬೆಂಚಿನ ಮೇಲಿಟ್ಟು, ಒಂದು ಚೀಟಿಯನ್ನೂ ಪೆನ್ನನ್ನೂ ನನ್ನ ಕಡೆ ತಳ್ಳಿದ. “ಬರಿ.”

ಇಷ್ಟು ವರ್ಷ ಕಾದಿದ್ದ ಪೆನ್ನು. ಆದರೆ ಅವನ ಮುಖ ನೋಡಿ ನಿಜ ಬರೆಯಲಾಗಲಿಲ್ಲ. ‘ದೋಷ: ತೋಟಾ’ ಎಂದು ಬರೆದೆ.

ಅಪ್ಪ ಓದಿ ಹರಿದು ಹಾಕಿದ. “ಸುಳ್ಳು ಚೀಟಿ ಈ ಅಂಗಡಿಯಿಂದ ಇವತ್ತಿನವರೆಗೂ ಹೋಗಿಲ್ಲ. ಕಣ್ಣು ಪಳಗಿದ್ಯೋ ಇಲ್ವೋ?”

ಇನ್ನೊಂದು ಚೀಟಿ ತೆಗೆದು ‘ದೋಷ: ಯಜಮಾನ’ ಎಂದು ಬರೆದೆ. ದಾರ ಕಟ್ಟಲು ಅವನ ಎಡಗೈ ಏಳಲಿಲ್ಲ. ನಾನೇ ಕಟ್ಟಿದೆ.