ಶಾಂತಸಾಗರದ ಗುಂಡುಸೂಜಿ

ಒದ್ದೆ ಕೊಡೆಗಳನ್ನು ಬಿಚ್ಚಿ ತರಗತಿಯ ಹಿಂದೆ ಸಾಲಾಗಿ ಒಣಗಲು ಇಡುತ್ತಿದ್ದ ದಿನಗಳು ಅವು. ಹಸಿ ಬಟ್ಟೆ, ಸೀಮೆಸುಣ್ಣ, ಬುತ್ತಿಯೊಳಗಿನ ಒಣ ಸಿಗಡಿ ಚಟ್ನಿ, ಈ ಮೂರರ ವಾಸನೆ ಒಟ್ಟಿಗೆ ಬಂದರೆ ನಿಮಗೂ ನಿಮ್ಮ ಐದನೇ ಕ್ಲಾಸು ನೆನಪಾದೀತು. ನನಗೆ ಮಾತ್ರ ಒಂದು ಗುಂಡುಸೂಜಿ ನೆನಪಾಗುತ್ತದೆ.

ನಮ್ಮ ಮನೆ ಇದ್ದದ್ದು ಉಡುಪಿ ಹತ್ತಿರದ ಮಟ್ಟುವಿನ ಕಡಲ ಕರೆಯಲ್ಲಿ. ಎದುರಿನ ಬಾಗಿಲು ತೆರೆದರೆ ಸಮುದ್ರ, ಹಿಂದಿನ ಬಾಗಿಲು ತೆರೆದರೆ ಹೊಳೆ. ನಡುವಿನ ಒಂದು ಪಟ್ಟಿ ಮರಳಿನಲ್ಲಿ ರಸ್ತೆ, ತೆಂಗಿನ ಮರಗಳು ಮತ್ತು ನಾವು. ನಾವು ಎಂದರೆ ಅಜ್ಜಿ ಮತ್ತು ನಾನು. ಅಮ್ಮ ಮಣಿಪಾಲದ ಒಂದು ಹಾಸ್ಟೆಲಿನಲ್ಲಿ ಅಡುಗೆಗಿದ್ದರು, ಭಾನುವಾರ ಮಾತ್ರ ಬರುತ್ತಿದ್ದರು. ಅಪ್ಪ ಸರಕು ಹಡಗಿನಲ್ಲಿ ಕೆಲಸಕ್ಕಿದ್ದರು. ಒಂಬತ್ತು ತಿಂಗಳು ಕಳೆದ ಮೇಲೆ ಬಂದು, ಒಂದು ತಿಂಗಳಿದ್ದು ಹೋಗುತ್ತಿದ್ದರು.

ಆ ಜೂನಿನಲ್ಲಿ ನಮ್ಮ ಸರೋಜಿನಿ ಟೀಚರ್ ಗೋಡೆಗೆ ಪ್ರಪಂಚದ ಭೂಪಟ ತೂಗುಹಾಕಿದರು. "ಯಾರ ಮನೆಯವರು ಎಲ್ಲಿದ್ದಾರೆ, ಬಂದು ಅಲ್ಲಿಗೆ ಗುಂಡುಸೂಜಿ ಚುಚ್ಚಿ" ಎಂದರು. ದುಬೈ, ಕುವೈಟ್, ಬಹರೈನ್, ಅರ್ಧ ಗಂಟೆಯಲ್ಲಿ ಆ ಕಡೆಯ ಕಾಗದ ಹರಿದೇಹೋಯಿತು. ಕೊನೆಗೆ ಉಳಿದವಳು ನಾನು. ಅಪ್ಪ ಯಾವ ದೇಶದಲ್ಲಿದ್ದಾರೆಂದು ನನಗೇ ಗೊತ್ತಿರಲಿಲ್ಲ.

ಮರುದಿನ ಅಪ್ಪನ ಒಂದು ಫೋಟೋ ಒಯ್ದೆ. ಬಂದರಿನಲ್ಲಿ ಹಡಗಿನ ಹಿಂಬದಿಗೆ ನಿಂತು ತೆಗೆಸಿದ್ದು. ಅವರ ತಲೆಯ ಮೇಲೆ ಹಡಗಿನ ಹೆಸರು, ಅದರ ಕೆಳಗೆ ಇನ್ನೊಂದು ಹೆಸರು. ಟೀಚರ್ ಕನ್ನಡಕ ಸರಿಮಾಡಿ ಓದಿದರು: "ಫುನಾಫುಟಿ." ಅಟ್ಲಾಸಿನ ಹಿಂದಿನ ಪುಟಗಳಲ್ಲಿ ಹುಡುಕಿ, "ಟುವಾಲು ದೇಶದ ರಾಜಧಾನಿ ಮಾರಾಯ್ತಿ! ಶಾಂತಸಾಗರದ ನಡುವೆ ಉಂಟು" ಎಂದರು. ಮಲ್ಪೆ ಬಂದರಿನ ಬೋಟಿನ ಹಿಂದೆ ಮಲ್ಪೆ ಎಂದು ಬರೆದಿದ್ದರೆ ಅದು ಎಷ್ಟು ದೂರ ಹೋದರೂ ಮಲ್ಪೆಗೇ ತಿರುಗಿ ಬರಬೇಕಲ್ಲ. ಟೀಚರಿಗೂ ನನಗೂ ಗೊತ್ತಿದ್ದ ಲೆಕ್ಕ ಅಷ್ಟೇ. ಬೆಂಚಿನ ಮೇಲೆ ಹತ್ತಿ, ಯಾರ ಸೂಜಿಯೂ ಇಲ್ಲದ ನೀಲಿಯಲ್ಲಿ ನನ್ನದನ್ನು ಚುಚ್ಚಿದೆ. ಸೂಜಿಯ ತಲೆ ಇಡೀ ದೇಶವನ್ನು ಮುಚ್ಚಿಬಿಟ್ಟಿತು.

"ಅಲ್ಲಿ ಎಂತ ಉಂಟು? ಬರೀ ನೀರು" ಎಂದಳು ಶೈಲಾ. ಅವಳ ಅಪ್ಪ ದುಬೈಯಲ್ಲಿ. ಮಧ್ಯಾಹ್ನದ ಬುತ್ತಿಗೆ ದುಬೈಯವರದ್ದು ಒಂದು ಬೆಂಚು, ಕುವೈಟಿನವರದ್ದು ಇನ್ನೊಂದು. ಟುವಾಲುವಿನ ಬೆಂಚಿನಲ್ಲಿ ನಾನೊಬ್ಬಳೇ.

ಟೀಚರ್ ಎಲ್ಲೆಲ್ಲಿಂದಲೋ ಓದಿಕೊಂಡು ಬಂದು ನನಗೆ ಹೇಳುತ್ತಿದ್ದರು. ಅಲ್ಲಿಯೂ ಒಂದು ಕಡೆ ಕಡಲು, ಇನ್ನೊಂದು ಕಡೆ ಹಿನ್ನೀರು, ನಡುವೆ ಒಂದು ಪಟ್ಟಿ ನೆಲ. ಮರಳಿನಲ್ಲಿ ಗುಂಡಿ ತೋಡಿ ಕೆಸುವಿನ ಜಾತಿಯ ಗೆಡ್ಡೆ ಬೆಳೆಯುತ್ತಾರೆ. ಸಂಜೆಯಾದರೆ ವಿಮಾನ ಇಳಿಯುವ ದಾರಿಯಲ್ಲೇ ಆಟ. ವಿಮಾನ ಬರುವ ದಿನ ಸೈರನ್ ಕೂಗುತ್ತದೆ, ಎಲ್ಲರೂ ಬದಿಗೆ ಓಡುತ್ತಾರೆ. ದೇಶದ ಹೆಸರಿನ ಅರ್ಥ ಒಟ್ಟಿಗೆ ನಿಂತ ಎಂಟು ಎಂದು. ಆದರೆ ಬಾವುಟದಲ್ಲಿ ನಕ್ಷತ್ರ ಒಂಬತ್ತು.

"ಒಂದು ಹೆಚ್ಚು ಯಾಕೆ ಟೀಚರ್?"

"ದ್ವೀಪ ಇರುವುದು ಒಂಬತ್ತು. ಹಿಂದೆ ಒಂದರಲ್ಲಿ ಜನ ಇರಲಿಲ್ಲ, ಹೆಸರಿಗೆ ಅದು ಸೇರಲಿಲ್ಲ. ಬಾವುಟದಲ್ಲಿ ಮಾತ್ರ ಅದನ್ನೂ ಬಿಡಲಿಲ್ಲ, ನೋಡು."

ಮಳೆ ಬಿಟ್ಟಾಗ ಮನೆಯ ಹಿಂದಿನ ಮರಳಿನಲ್ಲಿ ಒಂಬತ್ತು ದ್ವೀಪ ಮಾಡಿದೆ. ಎಂಟರಲ್ಲಿ ಚಿಪ್ಪುಗಳನ್ನು ಇಟ್ಟು ಜನ ಎಂದೆ. ಒಂಬತ್ತನೆಯದರಲ್ಲಿ ನಾನು ಕುಳಿತೆ. ಅಮ್ಮನ ಹಳೆಯ ನೀಲಿ ಸೀರೆಯ ತುಂಡಿಗೆ ಅರಸಿನದಿಂದ ನಕ್ಷತ್ರ ಬರೆದು ಕೋಲಿಗೆ ಕಟ್ಟಿದೆ. ಅಜ್ಜಿ ಬಂದು ನೋಡಿ, "ಅರಸಿನದ ಡಬ್ಬಿ ಖಾಲಿ! ಯಾರ ಮದುವೆ ಮಾರಾಯ್ತಿ ಇಲ್ಲಿ?" ಎಂದರು. ನಾನು ಒಬ್ಬಳೇ ಸೈರನ್ ಕೂಗಿ, ಒಬ್ಬಳೇ ಬದಿಗೆ ಓಡುತ್ತಿದ್ದೆ.

ಮಳೆಯ ಆಟಿ ತಿಂಗಳು ಮುಗಿಯುವಾಗ ಅಪ್ಪ ಬಂದರು. "ನಾಡಿದ್ದು ಕ್ಲಾಸಿಗೆ ಕರೆದುಕೊಂಡು ಬಾ, ಮಕ್ಕಳಿಗೆ ಎರಡು ಮಾತು ಹೇಳಲಿ" ಎಂದಿದ್ದರು ಟೀಚರ್. ಮಧ್ಯಾಹ್ನ ಅಜ್ಜಿ ಪತ್ರೊಡೆ ಬಡಿಸುತ್ತಿದ್ದಾಗ ಕೇಳಿದೆ.

"ಅಪ್ಪ, ಸೈರನ್ ಕೂಗಿದರೆ ನೀವೂ ಓಡ್ತೀರಾ?"

"ಎಂತ ಸೈರನ್ ಮಗಾ?"

"ಫುನಾಫುಟಿಯದ್ದು."

ಅಪ್ಪ ನಕ್ಕರು. "ಆ ಊರನ್ನು ನಾನು ಕಂಡೇ ಇಲ್ಲ. ಪಾಂಡಿಚೇರಿ ನಂಬರಿನ ಕಾರು ಇಲ್ಲಿ ಓಡುವುದಿಲ್ವಾ? ಕಾರಿನ ಧಣಿ ಉಡುಪಿಯಲ್ಲಿ, ನಂಬರು ಅಲ್ಲಿಯದ್ದು. ಹಡಗೂ ಹಾಗೆಯೇ. ಖರ್ಚು ಕಡಿಮೆ ಎಂದು ಅಲ್ಲಿ ಹೆಸರು ದಾಖಲಿಸ್ತಾರೆ, ಅಲ್ಲಿಯ ಬಾವುಟ ಹಾಕ್ತಾರೆ. ಹಡಗು ಆ ಕಡೆ ತಲೆ ಹಾಕುವುದೂ ಇಲ್ಲ."

"ಮತ್ತೆ ನೀವು ಎಲ್ಲಿದ್ದಿರಿ?"

"ನೀರಿನ ಮೇಲೆ."

"ನೀರಿನ ಮೇಲೆ ಎಲ್ಲಿ?"

"ಒಂದೊಂದು ದಿನ ಒಂದೊಂದು ಕಡೆ. ಅದಕ್ಕೆಲ್ಲ ಹೆಸರು ಉಂಟಾ ಮಗಾ?"

ನಾನು ಪತ್ರೊಡೆಯನ್ನು ಬದಿಗೆ ಸರಿಸಿದೆ. ಸೂಜಿಯನ್ನು ಕಿತ್ತರೆ ಮತ್ತೆ ಚುಚ್ಚುವುದು ಎಲ್ಲಿಗೆ? ಎರಡು ತಿಂಗಳು ದಿನವೂ ನೋಡಿದ ಜಾಗದಲ್ಲಿ ಅಪ್ಪ ಇರಲೇ ಇಲ್ಲ. ಶೈಲಾ ಹೇಳಿದ್ದೇ ಸರಿ, ಬರೀ ನೀರು.

ಈಗ ಸಂತೆಕಟ್ಟೆಯಲ್ಲಿ ಗುಳ್ಳ ಬದನೆಯ ವ್ಯಾಪಾರ ನನ್ನದು. ಒಂದು ಬುಟ್ಟಿಯಿಂದ ಎರಡು ಟೆಂಪೋದವರೆಗೆ ಬಂದದ್ದು ಬಾಯಿಯ ಬಲದಿಂದಲೇ. ಆದರೆ ನನ್ನ ಮೊದಲ ಚೌಕಾಶಿ ನಡೆದದ್ದು ಆ ಊಟದ ಮಣೆಯ ಮೇಲೆ. ಎದುರಿನವನಿಗೆ ಯಾವುದು ನೋಯುತ್ತದೆ ಎಂದು ಗೊತ್ತಿದ್ದರೆ ಅರ್ಧ ವ್ಯಾಪಾರ ಮುಗಿದಂತೆ. ಹೋಗುವ ದಿನ ನಾನು ಚೀಲ ಹಿಡಿದು ಅಳುವುದನ್ನು ಅಪ್ಪನಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ, ಅದು ನನಗೆ ಗೊತ್ತಿತ್ತು.

"ಕ್ಲಾಸಿನಲ್ಲಿ ನೀವು ಅಲ್ಲಿಯೇ ಇದ್ದದ್ದು ಎಂದು ಹೇಳಬೇಕು. ಹೇಳಿದರೆ ನೀವು ಹೋಗುವಾಗ ನಾನು ಅಳುವುದಿಲ್ಲ."

"ಯಾವತ್ತೂ?" ಅಪ್ಪ ಕಣ್ಣರಳಿಸಿದರು.

"ಯಾವತ್ತೂ."

"ಅಪ್ಪ ಮಗಳಿಗೆ ಎಂತ ವ್ಯಾಪಾರ ಇದು? ತಣ್ಣಗಾಗ್ತದೆ, ತಿನ್ನಿ" ಎಂದರು ಅಜ್ಜಿ.

ಒಂದು ಬುದ್ಧಿಮಾತು ಹೇಳುತ್ತೇನೆ, ಕೇಳಿ. ಯಾವ ವ್ಯಾಪಾರದಲ್ಲೇ ಆಗಲಿ, ಯಾವತ್ತೂ ಎಂಬ ಶಬ್ದ ಬಂದರೆ ಎದ್ದು ಬನ್ನಿ. ಮಕ್ಕಳ ಹತ್ತಿರವಂತೂ ಆ ಶಬ್ದ ಆಡಲೇಬೇಡಿ. ದೊಡ್ಡವರು ಮರೆಯುತ್ತಾರೆ, ಅವರು ಮರೆಯುವುದಿಲ್ಲ.

ಅಪ್ಪ ಕ್ಲಾಸಿನಲ್ಲಿ ಚೆನ್ನಾಗಿ ಹೇಳಿದರು. ಸೈರನ್, ಕೆಸುವಿನ ಗುಂಡಿ, ಎಲ್ಲ ನಾನು ಕಲಿಸಿಕೊಟ್ಟ ಹಾಗೆಯೇ. ಶೈಲಾ ಎದ್ದು ನಿಂತಳು. "ಅಂಕಲ್, ಒಂಬತ್ತು ದ್ವೀಪದಲ್ಲಿ ನೀವು ಇದ್ದದ್ದು ಯಾವುದರಲ್ಲಿ?" ಅದನ್ನು ನಾನು ಕಲಿಸಿರಲಿಲ್ಲ. ಅಪ್ಪ ನನ್ನ ಮುಖ ನೋಡಿದರು. ಮನೆಯ ಹಿಂದೆ ನಾನು ಕುಳಿತುಕೊಳ್ಳುವ ಜಾಗವನ್ನು ಅವರು ಕಂಡಿದ್ದರೆಂದು ಆಗ ತಿಳಿಯಿತು.

"ಒಂಬತ್ತನೆಯದರಲ್ಲಿ" ಎಂದರು. "ಅಲ್ಲಿ ಜನ ಕಡಿಮೆ. ಮನೆಯವರದ್ದೇ ನೆನಪಾಗ್ತಾ ಇರ್ತದೆ."

ಸೂಜಿ ಇದ್ದಲ್ಲೇ ಉಳಿಯಿತು. ಮರುದಿನ ಶೈಲಾ ತನ್ನ ಬುತ್ತಿ ತೆಗೆದುಕೊಂಡು ನನ್ನ ಬೆಂಚಿಗೆ ಬಂದಳು.

ಚೌತಿ ಕಳೆದು ಅಪ್ಪ ಹೊರಟರು. ವ್ಯಾನು ಬಂತು. ನಾನು ತುಟಿ ಕಚ್ಚಿ ರಸ್ತೆಯ ಬದಿಯಲ್ಲಿ ನಿಂತೆ. ಅಪ್ಪ ಒಮ್ಮೆ ತಿರುಗಿದರು, ಹತ್ತುವಾಗ ಮತ್ತೊಮ್ಮೆ ತಿರುಗಿದರು. ಮಾತು ಉಳಿಸಿಕೊಂಡೆ. ಮುಂದಿನ ವರ್ಷವೂ, ಅದರ ಮುಂದಿನ ವರ್ಷವೂ. ಆಮೇಲೆ ತುಟಿ ಕಚ್ಚುವುದೂ ಬೇಕಾಗಲಿಲ್ಲ.

ಅಪ್ಪ ತೀರಿಕೊಂಡು ಮೂರು ಮಳೆಗಾಲ ಆಯಿತು. ಅಂಗಳದಲ್ಲಿ ಅವರನ್ನು ಎತ್ತುವಾಗಲೂ ನನ್ನ ಕಣ್ಣು ಒದ್ದೆಯಾಗಲಿಲ್ಲ. ಗಟ್ಟಿ ಹೆಂಗಸು ಎಂದರು ನೆರೆಕರೆಯವರು. ಹದಿಮೂರರ ದಿನ ಅಮ್ಮ ಮೆಲ್ಲನೆ ಹೇಳಿದರು: "ನೀನು ಅಳುವುದು ಬಿಟ್ಟ ವರ್ಷ ಅವರು ವ್ಯಾನಿನಲ್ಲಿ ಕಾಪು ದಾಟುವವರೆಗೂ ಅತ್ತಿದ್ದರಂತೆ. ಮಗಳಿಗೆ ನಾನು ಬೇಡವಾದೆ ಎಂದು ಪ್ರತಿ ಸಲ ಹೇಳುತ್ತಿದ್ದರು." ಅಂದಿನ ಮಾತು ಅಪ್ಪನಿಗೆ ಆಟವಾಗಿತ್ತು, ನೆನಪೇ ಇರಲಿಲ್ಲ.

ಈಗ ನನ್ನ ಟೆಂಪೋಗಳು ಎಲ್ಲಿವೆ ಎಂದು ಫೋನು ಹೇಳುತ್ತದೆ. ಮಟ್ಟುವಿನಲ್ಲಿ ಕಡಲಿಗೆ ಬಂಡೆ ಹಾಕಿದ್ದಾರೆ, ನನ್ನ ಒಂಬತ್ತು ದ್ವೀಪಗಳ ಮರಳನ್ನು ಹೊಳೆ ಒಯ್ದಿದೆ. ಟುವಾಲುವೂ ಮುಳುಗುತ್ತಿದೆಯಂತೆ. ನೆಲ ಹೋದರೂ ನಾವು ದೇಶವಾಗಿಯೇ ಇರುತ್ತೇವೆ ಎಂದು ಅಲ್ಲಿಯವರು ಬರೆದಿಟ್ಟುಕೊಂಡಿದ್ದಾರಂತೆ. ಒಪ್ಪತಕ್ಕ ಮಾತೇ.

ಆದರೆ ಆಡಿದ ಮಾತನ್ನು ಹಿಂದಕ್ಕೆ ಪಡೆಯಲು ಎದುರಿನವರೂ ಒಪ್ಪಬೇಕು. ಕೆಲವು ದಿನ ಮಾರುಕಟ್ಟೆಗೆ ಹೊರಡುವ ಮೊದಲು ಫೋನಿನಲ್ಲಿ ಆ ನೀಲಿಯನ್ನು ಬೆರಳಿನಿಂದ ದೊಡ್ಡದು ಮಾಡುತ್ತಾ ಹೋಗುತ್ತೇನೆ, ಒಂಬತ್ತನೆಯ ದ್ವೀಪ ಕಾಣುವವರೆಗೆ. ಜನ ಕಡಿಮೆ ಇರುವ ಆ ಜಾಗದಲ್ಲಿ ಅಪ್ಪನನ್ನು ಹುಡುಕಿ ಒಂದೇ ಮಾತು ಕೇಳಬೇಕಾಗಿದೆ, ಇನ್ನು ಅಳಬಹುದಾ ಎಂದು.